ಮೇಕೆಗೆ ರಕ್ತವೇ ಇಲ್ಲ ಅಂದ ಮಷೀನ್

"ಸಾರ್, ನಿಮ್ಮ ಮಷೀನ್ ಪ್ರಕಾರ ಈ ಮೇಕೆ ನಿನ್ನೆನೇ ಸತ್ತಿರಬೇಕು. ಅದು ನೋಡಿದ್ರೆ ಹೊರಗೆ ನಿಂತು ನಮ್ಮ ದಾಸವಾಳದ ಗಿಡ ಮೇಯ್ತಾ ಇದೆ."

ಬೆಳಗ್ಗೆ ಒಂಬತ್ತೂವರೆಗೆ ಬಂದ ಫೋನ್. ಕೆಂಗೇರಿ ಆಚೆ ಸಣ್ಣದೊಂದು ಪ್ರಾಣಿ ಕ್ಲಿನಿಕ್ ಇಟ್ಟಿರುವ ಡಾಕ್ಟರಮ್ಮ ಮಾಡಿದ್ದು. ತಿಂಗಳ ಹಿಂದೆ ಅವರಿಗೆ ರಕ್ತಕಣ ಎಣಿಸುವ ಕೌಂಟರ್ ಮಾರಿದವನು ನಾನೇ. ಸೆಕೆಂಡ್ ಹ್ಯಾಂಡ್. ಮನುಷ್ಯರ ಲ್ಯಾಬ್ ಒಂದರಲ್ಲಿ ಎಂಟು ವರ್ಷ ದುಡಿದದ್ದು. "ಪ್ರಾಣಿಗೆ ನಡೆಯುತ್ತಾ?" ಅಂತ ಅವರು ಕೇಳಿದ್ದರು. "ರಕ್ತ ರಕ್ತಾನೇ ಅಲ್ವಾ ಮೇಡಂ" ಅಂದಿದ್ದೆ. ಆ ಮಾತು ಈಗ ಕಿವಿಯಲ್ಲಿ ಕುಟುಕುತ್ತಿತ್ತು.

ನನ್ನ ಕೆಲಸ ಆಸ್ಪತ್ರೆ ಉಪಕರಣಗಳ ರಿಪೇರಿ. ಮೊದಲೆಲ್ಲ ನರ್ಸಿಂಗ್ ಹೋಮು, ಲ್ಯಾಬು ಇಷ್ಟೇ. ಪ್ರಾಣಿಗಳಿಗೆ ಸ್ಕ್ಯಾನು, ಆಪರೇಷನ್ನು ಅಂದರೆ ಜನ ಹೆಬ್ಬಾಳದ ಪಶುವೈದ್ಯ ಕಾಲೇಜಿಗೋ, ಕ್ವೀನ್ಸ್ ರಸ್ತೆಯ ಸರ್ಕಾರಿ ಆಸ್ಪತ್ರೆಗೋ ಹೋಗುತ್ತಿದ್ದರು. ಲಾಕ್‌ಡೌನ್ ಕಳೆದ ಮೇಲೆ ನೋಡಿ, ಬಡಾವಣೆಗೊಂದು ಪೆಟ್ ಕ್ಲಿನಿಕ್. ಒಬ್ಬರಿಗೆ ಮಾನಿಟರ್ ಬೇಕು, ಇನ್ನೊಬ್ಬರಿಗೆ ಎಕ್ಸ್‌ರೇ, ಮತ್ತೊಬ್ಬರಿಗೆ ನಾಯಿ ಹಲ್ಲು ಕ್ಲೀನ್ ಮಾಡುವ ಸ್ಕೇಲರ್. ಹೈನುಗಾರಿಕೆ ಮಾಡುವವರು ಹಸುವಿಗೆ ಕೈಯಲ್ಲಿ ಹಿಡಿಯುವ ಸ್ಕ್ಯಾನರ್ ಕೇಳುತ್ತಾರೆ. ಅದು ಸುಮ್ನೆ ಶೋಕಿ ಅಲ್ಲ. ಕೈ ಹಾಕಿ ನೋಡಿದರೆ ಗಬ್ಬ ನಿಂತಿದೆಯೋ ಇಲ್ಲವೋ ಗೊತ್ತಾಗೋಕೆ ಒಂದೂವರೆ, ಎರಡು ತಿಂಗಳಾದರೂ ಬೇಕು. ಸ್ಕ್ಯಾನರ್‌ನಲ್ಲಿ ತಿಂಗಳಿಗೇ ತಿಳಿಯುತ್ತದೆ. ಬರಡು ಹಸುವಿಗೆ ಒಂದು ತಿಂಗಳು ಹಿಂಡಿ ಬೂಸಾ ಹಾಕುವ ಖರ್ಚು ಎಷ್ಟು ಅಂತ ಹಾಕಿದವರಿಗೇ ಗೊತ್ತು.

ಬೇಡಿಕೆ ಇದೆ, ಹೊಸ ಮಷೀನಿಗೆ ದುಡ್ಡಿಲ್ಲ. ಆ ಸಂದಿಯಲ್ಲಿ ಮನುಷ್ಯರ ಹಳೇ ಮಷೀನುಗಳು ನುಗ್ಗುತ್ತವೆ. ನುಗ್ಗಿಸುವವರಲ್ಲಿ ನಾನೂ ಒಬ್ಬ.

ವಿಜಯನಗರದಲ್ಲಿ ಮೆಟ್ರೋ ಹತ್ತಿ ಕೆಂಗೇರಿಯಲ್ಲಿ ಇಳಿದು ಆಟೋ ಹಿಡಿದೆ. ಕ್ಲಿನಿಕ್ ಗೇಟಿನಲ್ಲೇ ಮೇಕೆ ಸಿಕ್ಕಿತು. ಕಪ್ಪು ಬಣ್ಣ, ಒಂದು ಕಿವಿ ಬಿಳಿ. ದವಡೆ ಕೆಳಗೆ ನೀರು ತುಂಬಿದ ಚೀಲದಂಥ ಊತ. ಹಗ್ಗ ಹಿಡಿದು ಕೂತಿದ್ದ ಅಜ್ಜಿ ನನ್ನ ಬ್ಯಾಗ್ ನೋಡಿ, "ಮಿಷನ್ ಕೊಟ್ಟೋನು ನೀನೇನಪ್ಪಾ?" ಅಂದರು. ಹೂಂ ಅಂದೆ. ಇನ್ನೇನೂ ಕೇಳಲಿಲ್ಲ, ಪುಣ್ಯ.

ರಿಪೋರ್ಟ್ ನೋಡಿದೆ. ಕೆಂಪು ರಕ್ತಕಣ ಹೆಚ್ಚುಕಮ್ಮಿ ಸೊನ್ನೆ. ಪ್ಲೇಟ್‌ಲೆಟ್ ಎಣಿಕೆ ಮಷೀನಿನ ಮಿತಿಯನ್ನೇ ದಾಟಿದೆ. ಹಿಮೋಗ್ಲೋಬಿನ್ ಮಾತ್ರ 5.8. ಕೆಂಪು ಕಣವೇ ಇಲ್ಲದಿದ್ದರೆ ಹಿಮೋಗ್ಲೋಬಿನ್ ಎಲ್ಲಿಂದ ಬಂತು? ನಾನು ಟ್ಯೂಬ್ ತೊಳೆದೆ, ರಾಸಾಯನಿಕ ಬದಲಿಸಿದೆ, ನನ್ನ ಬಳಿಯಿದ್ದ ಕಂಟ್ರೋಲ್ ರಕ್ತ, ಅಂದರೆ ಎಣಿಕೆ ಮೊದಲೇ ಗೊತ್ತಿರುವ ಸ್ಯಾಂಪಲ್, ಓಡಿಸಿದೆ. ಎಲ್ಲ ಸರಿ. ಮತ್ತೆ ಮೇಕೆ ರಕ್ತ ಇಟ್ಟೆ. ಮತ್ತೆ ಸೊನ್ನೆ.

ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತರು. "ಸಾರ್, ಈ ಮಷೀನ್ ಕಣಗಳನ್ನ ಹೇಗೆ ಗುರುತಿಸುತ್ತೆ?"

ಸಣ್ಣ ತೂತಿನಲ್ಲಿ ಒಂದೊಂದೇ ಕಣ ಹಾದುಹೋಗುತ್ತೆ, ದೊಡ್ಡದಾದರೆ ದೊಡ್ಡ ಕರೆಂಟ್ ಮಿಡಿತ, ಚಿಕ್ಕದಾದರೆ ಚಿಕ್ಕದು, ಗಾತ್ರ ನೋಡಿಯೇ ಕೆಂಪು ಕಣ ಯಾವುದು, ಪ್ಲೇಟ್‌ಲೆಟ್ ಯಾವುದು ಅಂತ ಬೇರೆ ಮಾಡುತ್ತೆ ಅಂದೆ. ಹೇಳುತ್ತಾ ಹೇಳುತ್ತಾ ನನಗೇ ಹೊಳೆಯಿತು.

ಅವರು ಚೀಟಿಯಲ್ಲಿ ಬರೆದು ತೋರಿಸಿದರು. ಮನುಷ್ಯರ ಕೆಂಪು ಕಣದ ಗಾತ್ರ 80ರಿಂದ 100 ಫೆಮ್ಟೋಲೀಟರ್ (ಕಣದ ಗಾತ್ರ ಅಳೆಯುವ ಅತಿ ಸಣ್ಣ ಅಳತೆ). ನಾಯಿಯದು 60-75. ಬೆಕ್ಕಿನದು 40-55. ಮೇಕೆಯದು 20ರ ಆಸುಪಾಸು, ಸಾಕುಪ್ರಾಣಿಗಳಲ್ಲೇ ಅತಿ ಚಿಕ್ಕದು. ನನ್ನ ಮಷೀನ್ 30ರ ಕೆಳಗಿದ್ದದ್ದನ್ನೆಲ್ಲ ಪ್ಲೇಟ್‌ಲೆಟ್ ಅಂತ ಲೆಕ್ಕ ಹಾಕುತ್ತಿತ್ತು. ಕಡಲೆಕಾಳಿನ ಜರಡಿಗೆ ರಾಗಿ ಸುರಿದು ಕಾಳೇ ಇಲ್ಲ ಅಂದ ಹಾಗೆ. ತಿಂಗಳಿಡೀ ನಾಯಿಗಳೇ ಬಂದಿದ್ದರಿಂದ ಬಚಾವಾಗಿದ್ದೆ.

ಆಮೇಲೆ ಅವರು ಹಳೇ ದಾರಿ ಹಿಡಿದರು. ಕೂದಲೆಳೆಯಂಥ ಗಾಜಿನ ಕೊಳವೆಗೆ ರಕ್ತ ಎಳೆದು, ತುದಿಗೆ ಜೇಡಿ ಮೆತ್ತಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರು. "ನಾಯಿಗೆ ಐದು ನಿಮಿಷ ಸಾಕು, ಮೇಕೆಗೆ ಹತ್ತು. ಕಣ ಚಿಕ್ಕದಲ್ವಾ, ಒತ್ತಾಗಿ ಕೂರೋಕೆ ಟೈಮ್ ಬೇಕು." ಹೊರತೆಗೆದಾಗ ಕೆಂಪು ಭಾಗ ನೂರಕ್ಕೆ 17. ಇರಬೇಕಾದದ್ದು ಕನಿಷ್ಠ 22. ಮೇಕೆಯ ಕೆಳ ರೆಪ್ಪೆ ಎಳೆದು ತೋರಿಸಿದರು, ಒಳಗೆ ಸುಣ್ಣದ ಬಿಳಿ. ಹೊಟ್ಟೆಯಲ್ಲಿ ರಕ್ತ ಹೀರುವ ಹುಳು. ಔಷಧಿ ಕುಡಿಸಿ, ಹತ್ತು ದಿನಕ್ಕೆ ಮತ್ತೆ ಬನ್ನಿ ಅಂತ ಅಜ್ಜಿಯನ್ನು ಕಳಿಸಿದರು.

ದುಡ್ಡು ವಾಪಸ್ ಕೊಡ್ತೀನಿ ಅಂದೆ. "ನಾಯಿಗೆ ಇರಲಿ ಬಿಡಿ" ಅಂದರು. ಪ್ರಾಣಿಗಳಿಗೇ ಮಾಡಿದ ಮಷೀನಿನ ಬಗ್ಗೆ ಕೇಳಿದರು. ಆಮದಾಗುವ ಒಂದು ಮಷೀನ್ ಯಾವ ಯಾವ ಪ್ರಾಣಿಗೆ ನಡೆಯುತ್ತೆ ಅನ್ನೋ ಪಟ್ಟಿ ಫೋನಿನಲ್ಲಿತ್ತು, ತೆಗೆದು ತೋರಿಸಿದೆ. ನಾಯಿ, ಬೆಕ್ಕು, ಕುದುರೆ, ಹಸು, ಮೇಕೆ, ಕೊನೆಗೆ ದಕ್ಷಿಣ ಅಮೆರಿಕದ ಉಣ್ಣೆ ಪ್ರಾಣಿ ಅಲ್ಪಾಕಾ ಕೂಡ ಇದೆ. ಎಮ್ಮೆ ಇಲ್ಲ! 2019ರ ಜಾನುವಾರು ಗಣತಿಯಲ್ಲಿ ನಮ್ಮ ದೇಶದ ಎಮ್ಮೆಗಳು ಸುಮಾರು 11 ಕೋಟಿ. ಅಲ್ಪಾಕಾ ನಾನು ಫೋಟೋದಲ್ಲಿ ಬಿಟ್ಟರೆ ನೋಡಿಯೇ ಇಲ್ಲ. ಮಾರೋಕೆ ನಮ್ಮೂರು ಬೇಕು, ಮಾಡುವಾಗ ನಮ್ಮ ಕೊಟ್ಟಿಗೆ ನೆನಪಿಗೆ ಬರಲ್ಲ. ಇದನ್ನು ಬೈಯುವ ಹಕ್ಕು ನನಗಿದೆಯಾ ಅನ್ನೋದು ಬೇರೆ ವಿಷಯ.

ಮಷೀನಿನ ಮೇಲೆ 'ನಾಯಿಗೆ ಮಾತ್ರ' ಅಂತ ದಪ್ಪ ಪೆನ್ನಿನಲ್ಲಿ ಬರೆದು ಅಂಟಿಸಿ ಹೊರಟೆ.

ಕೆಂಗೇರಿ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುವಾಗ ದೊಡ್ಡಬಳ್ಳಾಪುರದ ಕಡೆಯಿಂದ ಇನ್ನೊಬ್ಬ ಡಾಕ್ಟರ ಫೋನ್. ಕುರಿ ಫಾರಂಗೆ ಅಂಥದ್ದೇ ಹಳೇ ಕೌಂಟರ್ ಬೇಕಂತೆ, ನಾಳೆನೇ ಅಡ್ವಾನ್ಸ್ ಹಾಕ್ತಾರಂತೆ.

"ಸಾರ್, ಕುರಿ ರಕ್ತಕಣ ಎಷ್ಟು ದಪ್ಪ ಇರುತ್ತೆ?" ಅಂತ ಕೇಳಿದೆ.

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ.