ಫೀಡ್ಸ್ ರೇಟು ಇಳೀತೇನವ್ವಾ?

ನಮ್ಮೂರ ಹಾಲಿನ ಡೈರಿಯ ಲೆಕ್ಕ ನೋಡಿಕೊಳ್ಳೋದು ನಾನು. ಹದಿನೈದು ದಿನಕ್ಕೊಮ್ಮೆ ಬಟವಾಡೆ. ಯಾರು ಎಷ್ಟು ಲೀಟರ್ ಹಾಕಿದರು, ಫ್ಯಾಟ್ ಎಷ್ಟು ಬಂತು, ಫೀಡ್ಸ್ (ದನದ ಆಹಾರ) ಎಷ್ಟು ಮೂಟೆ ಒಯ್ದರು, ಎಲ್ಲವನ್ನೂ ಎಕ್ಸೆಲ್‌ಗೆ ತುಂಬಿ ಬಟನ್ ಒತ್ತಿದರೆ ಮ್ಯಾಕ್ರೋ, ಅಂದರೆ ಎಕ್ಸೆಲ್ ಒಳಗೆ ಬರೆದಿಟ್ಟ ಪುಟ್ಟ ಪ್ರೋಗ್ರಾಂ, ಎಲ್ಲರ ಚೀಟಿ ತಯಾರು ಮಾಡುತ್ತದೆ.

ಹೋದ ತಿಂಗಳು ಚೀಟಿ ಹಂಚಿದ ದಿನ, ಒಂದೇ ಹಸು ಸಾಕಿರುವ ಅಜ್ಜಿಯೊಬ್ಬರು ವಾಪಸ್ ಬಂದರು. "ಫೀಡ್ಸ್ ರೇಟು ಇಳೀತೇನವ್ವಾ? ದುಡ್ಡು ಜಾಸ್ತಿ ಬಂದದೆ, ನೋಡು" ಅಂದರು. ನೋಡಿದೆ. ಹಾಲಿನ ದುಡ್ಡಿನಲ್ಲಿ ಫೀಡ್ಸ್ ಮೂಟೆಯ ದುಡ್ಡು ಹಿಡಿಯುವ ಕಡೆ ಮಿನರಲ್ ಮಿಕ್ಸ್ಚರ್ ಪ್ಯಾಕೆಟ್ಟಿನ ರೇಟು ಹಿಡಿದಿತ್ತು. ಅವರೊಬ್ಬರಿಗಲ್ಲ, ಫೀಡ್ಸ್ ಒಯ್ದಿದ್ದ ಎಲ್ಲರಿಗೂ.

ಆಗಿದ್ದಿಷ್ಟು. ದರದ ಶೀಟಿನಲ್ಲಿ ಫೀಡ್ಸ್ ರೇಟು ಎಫ್5ರಲ್ಲಿ, ಅಂದರೆ ಎಫ್ ಕಾಲಂನ 5ನೇ ಸಾಲಿನ ಸೆಲ್ಲಿನಲ್ಲಿ (ಚೌಕದಲ್ಲಿ) ಇತ್ತು. ಅದರ ಮೇಲೆ ನಾನೇ ಒಂದು ಸಾಲು ಸೇರಿಸಿ ಮಿನರಲ್ ಮಿಕ್ಸ್ಚರ್ ರೇಟು ಬರೆದಿದ್ದೆ. ಫೀಡ್ಸ್ ಎಫ್6ಕ್ಕೆ ಇಳಿಯಿತು. ಶೀಟಿನೊಳಗಿನ ಫಾರ್ಮುಲಾಗಳು ತಾವಾಗೇ ಎಫ್6ಕ್ಕೆ ತಿರುಗಿಕೊಂಡವು. ಮ್ಯಾಕ್ರೋ ಮಾತ್ರ ತಿರುಗಲಿಲ್ಲ. ಅಲ್ಲಿ ರೇಂಜ್("ಎಫ್5") ಅಂತ ಕೋಟ್ ಒಳಗೆ ಬರೆದದ್ದು ಸುಮ್ನೆ ಅಕ್ಷರ, ಎಕ್ಸೆಲ್ ಅದನ್ನು ಮುಟ್ಟುವುದಿಲ್ಲ.

ಅವತ್ತೇ ರಾತ್ರಿ ಕೂತು ದರಗಳಿಗೆಲ್ಲ ಹೆಸರಿಟ್ಟೆ. ಸೆಲ್ ಮೇಲೆ ನಿಂತು, ಫಾರ್ಮುಲಾ ಬಾರ್‌ನ ಎಡಕ್ಕಿರುವ ನೇಮ್ ಬಾಕ್ಸಿನಲ್ಲಿ ಫೀಡ್ಸ್_ದರ ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಎಂಟರ್ ಒತ್ತಬೇಕು. ಎಂಟರ್ ಒತ್ತದೆ ಬೇರೆ ಕಡೆ ಕ್ಲಿಕ್ ಮಾಡಿದರೆ ಹೆಸರು ಉಳಿಯುವುದಿಲ್ಲ. ಮ್ಯಾಕ್ರೋದಲ್ಲಿ ಈಗ ರೇಂಜ್("ಫೀಡ್ಸ್_ದರ") ಅಂತಿದೆ. ಮೇಲೆ ಹತ್ತು ಸಾಲು ಸೇರಿಸಿದರೂ ಹೆಸರು ಸೆಲ್ ಜೊತೆಗೇ ಹೋಗುತ್ತದೆ.

ಡೈರಿ ಲೆಕ್ಕದವರು ಒಂದು ಕಡೆ ಹುಷಾರಾಗಿರಬೇಕು. 3.5 ಫ್ಯಾಟಿನ ದರಕ್ಕೆ ಎಫ್‌ಎಟಿ35 ಅಂತ ಹೆಸರಿಡಲು ಹೋದೆ. ಎಕ್ಸೆಲ್ ನನ್ನನ್ನು ಎಲ್ಲೋ ದೂರದ ಖಾಲಿ ಸೆಲ್ಲಿಗೆ ಒಯ್ದು ನಿಲ್ಲಿಸಿತು. 2007ರ ಆವೃತ್ತಿಯಿಂದ ಕಾಲಂಗಳು 16,384, ಕೊನೆಯದು ಎಕ್ಸ್‌ಎಫ್‌ಡಿ. ಅಂದರೆ ಎಫ್‌ಎಟಿ ಅನ್ನೋದೂ ಒಂದು ಕಾಲಂ, ಅದರ 35ನೇ ಸಾಲು ನಾನು ಬರೆದ ಹೆಸರು! ಎಸ್‌ಎನ್‌ಎಫ್85 (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶದ ದರಕ್ಕೆ) ಕೂಡ ಹಾಗೇ. ನಡುವೆ ಒಂದು ಅಂಡರ್‌ಸ್ಕೋರ್ ಹಾಕಿದರೆ ಸಾಕು.

ಇನ್ನೊಂದು. ದರದ ಶೀಟನ್ನು ಅದೇ ಫೈಲಿನಲ್ಲಿ ಕಾಪಿ ಮಾಡಿದರೆ ಹೆಸರುಗಳೂ ಕಾಪಿಯಾಗುತ್ತವೆ. ಆಮೇಲೆ ಬರೀ ರೇಂಜ್ ಅಂತ ಬರೆದ ಮ್ಯಾಕ್ರೋ, ಕಾಪಿ ಶೀಟ್ ತೆರೆದಿದ್ದರೆ ಅದರ ಹಳೇ ದರವನ್ನೇ ಓದಿಬಿಡುತ್ತದೆ. ಅದಕ್ಕೇ ನಾನು ಶೀಟಿನ ಹೆಸರನ್ನೂ ಸೇರಿಸಿ ವರ್ಕ್‌ಶೀಟ್ಸ್("ದರ").ರೇಂಜ್("ಫೀಡ್ಸ್_ದರ") ಅಂತಲೇ ಬರೆಯುತ್ತೇನೆ. ಬಟವಾಡೆಗೆ ಮುಂಚೆ ಕಂಟ್ರೋಲ್ ಎಫ್3 ಒತ್ತಿ ನೇಮ್ ಮ್ಯಾನೇಜರ್, ಅಂದರೆ ಹೆಸರುಗಳ ಪಟ್ಟಿ, ನೋಡುತ್ತೇನೆ. ಒಂದೇ ಹೆಸರು ಎರಡು ಸಲ ಕಂಡರೆ ಕಾಪಿಯದ್ದನ್ನು ಅಳಿಸುತ್ತೇನೆ.

ಕಮ್ಮಿ ಹಿಡಿದಿದ್ದ ದುಡ್ಡನ್ನು ಮುಂದಿನ ಎರಡು ಬಟವಾಡೆಗಳಲ್ಲಿ ಎರಡು ಕಂತು ಮಾಡಿ ಹಿಡಿಯೋಣ ಅಂದುಕೊಂಡಿದ್ದೆ. ಅಜ್ಜಿ ಮಾತ್ರ ಅವತ್ತೇ ಸೆರಗಿನ ಗಂಟು ಬಿಚ್ಚಿ ಕೊಟ್ಟು ಹೋದರು.