ಮುಧೋಳ ನಾಯಿ, ಹಳೇ ಮನೆ, ಉಣುಗು: ಮಳೆಗಾಲದ ಹತ್ತು ವಾರದ ದಾಖಲೆ

ನಾಯಿ: ಚಂದ್ರಿ, ಎರಡು ವರ್ಷದ ಹೆಣ್ಣು ಮುಧೋಳ, 22 ಕಿಲೋ. ಜಾಗ: ಧಾರವಾಡದ ಕಡೆಯ ಕಲ್ಲುಗೋಡೆಯ ಹಳೇ ಮನೆ, ಹಾಸಿಗೆ ಹಿತ್ತಿಲ ಪಡಸಾಲೆಯಲ್ಲಿ. ಗುರಿ ಎರಡು. ಉಣುಗಿನ ಕಾಟ ತಗ್ಗಬೇಕು. ಅದುಮಿ ಹಿಡಿಯದೆ, ಕಿವಿಯನ್ನೂ ಬೆರಳ ಸಂದನ್ನೂ ಅವಳೇ ಒಡ್ಡುವಂತಾಗಬೇಕು.

ವಾರ 1, ಜೂನ್

ಮೊದಲ ಎಣಿಕೆ 31. ಕಿವಿಯ ಮಡಿಕೆಗಳಲ್ಲಿ 17, ಬೆರಳ ಸಂದುಗಳಲ್ಲಿ 9, ಕೊರಳಪಟ್ಟಿಯ ಕೆಳಗೆ 5. ಚಪ್ಪಟೆ ಕಂದು ಗಂಡುಗಳೇ ಹೆಚ್ಚು. ನಾಲ್ಕು ಹೆಣ್ಣು ರಕ್ತ ಕುಡಿದು ಹರಳು ಬೀಜದ ಹಾಗೆ ಊದಿದ್ದವು. ಮೈ ಬಿಸಿ 38.6 ಡಿಗ್ರಿ, ವಸಡು ಗುಲಾಬಿ, ಊಟ ಸರಿ. ಈ ಮೂರನ್ನು ಮೊದಲ ದಿನವೇ ಬರೆದಿಟ್ಟುಕೊಳ್ಳಬೇಕು. ಆರೋಗ್ಯದಲ್ಲಿದ್ದಾಗ ಹೇಗಿತ್ತೆಂದು ಗೊತ್ತಿದ್ದರೆ ಮಾತ್ರ ಜ್ವರ ಬಂದದ್ದು ತಿಳಿಯುತ್ತದೆ.

ಕೀಳಲು ಬೇಕಾದದ್ದು: ಮೊನಚು ತುದಿಯ ಚಿಮಟ, ಕೈಗವಸು, ಸರ್ಜಿಕಲ್ ಸ್ಪಿರಿಟ್ ತುಂಬಿದ ಸಣ್ಣ ಬಾಟಲಿ. ಹುಳದ ಹೊಟ್ಟೆ ಹಿಡಿಯಬಾರದು. ಬಾಯಿ ಚರ್ಮಕ್ಕೆ ಕಚ್ಚಿದ ಜಾಗದಲ್ಲೇ ಹಿಡಿದು, ತಿರುಚದೆ, ಒಂದೇ ಸಮನೆ ನೇರ ಎಳೆಯಬೇಕು. ಹೊಟ್ಟೆ ಒತ್ತಿದರೆ ಅದರೊಳಗಿನದು ಗಾಯಕ್ಕೆ ಇಳಿಯುತ್ತದೆ. ಸೀಮೆಎಣ್ಣೆ ಹಚ್ಚುವುದು, ಊದುಬತ್ತಿ ಮುಟ್ಟಿಸುವುದು ಬೇಡವೇ ಬೇಡ. ಸುಡುವುದು ನಾಯಿಯ ಚರ್ಮ. ಬಾಯಿಯ ಚೂರು ಒಳಗೆ ಉಳಿದರೆ ಕೆದಕಬೇಡಿ, ಸಾಮಾನ್ಯವಾಗಿ ತಾನೇ ಹೊರಬೀಳುತ್ತದೆ. ಕೆಲವು ದಿನ ಸಣ್ಣ ಗಂಟು ಇರುವುದು ಸಹಜ, ಕೆಂಪು ಹರಡಿದರೆ ವೈದ್ಯರಿಗೆ ತೋರಿಸಬೇಕು.

ವಾರ 2

ಬೇವಿನ ಸ್ನಾನ ಶುರು. 10 ಮಿ.ಲೀ. ಬೇವಿನ ಎಣ್ಣೆಗೆ 5 ಮಿ.ಲೀ. ನಾಯಿ ಶಾಂಪೂ ಹಾಕಿ ಮೊದಲು ಅವೆರಡನ್ನೇ ಚೆನ್ನಾಗಿ ಕಲಸಬೇಕು, ಆಮೇಲೆ ಒಂದು ಲೀಟರ್ ಉಗುರುಬೆಚ್ಚಗಿನ ನೀರನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಬೇಕು. ಕ್ರಮ ತಪ್ಪಿದರೆ ಎಣ್ಣೆ ಮೇಲೆ ತೇಲುತ್ತದೆ, ಬೆನ್ನಿನ ಒಂದೇ ಕಡೆ ದಪ್ಪಗೆ ಬಿದ್ದು ಉರಿ ಏಳುತ್ತದೆ. ಮುಧೋಳದ ಕೂದಲು ಗಿಡ್ಡ, ಚರ್ಮ ತೆಳು. ನೀರು ಬೆರೆಸದ ಎಣ್ಣೆಯನ್ನು ಅದು ತಡೆಯುವುದಿಲ್ಲ. ಮೊದಲು ತೊಡೆಯ ಒಳಗೆ ರೂಪಾಯಿಯಗಲ ಹಚ್ಚಿ 24 ಗಂಟೆ ಕಾದದ್ದಾಯಿತು, ಕೆಂಪೇರಲಿಲ್ಲ. ಕಣ್ಣು, ಬಾಯಿ ಬಿಟ್ಟು ಉಳಿದೆಡೆ ಹಚ್ಚಿ, ಹತ್ತು ನಿಮಿಷ ನೆಕ್ಕಲು ಬಿಡದೆ ನಿಲ್ಲಿಸಿ, ತೊಳೆಯುವುದು. ಐದು ದಿನಕ್ಕೊಮ್ಮೆ. ಮರಿಗಳಿಗೆ, ಗಬ್ಬದ ನಾಯಿಗೆ ಇದು ಬೇಡ.

ಫಲ: ಸ್ನಾನದ ಮರುದಿನ ಹೊಸ ಹುಳ ಕಡಿಮೆ, ಮೂರನೇ ದಿನಕ್ಕೆ ಮತ್ತೆ ಮೊದಲಿನಂತೆ. ಆಗಲೇ ಕಚ್ಚಿಕೊಂಡದ್ದು ಬೇವಿಗೆ ಬಿಡಲಿಲ್ಲ.

ಕರ್ಪೂರ ಕಲಸಿದ ಕೊಬ್ಬರಿ ಎಣ್ಣೆ ಹಚ್ಚಿ ಎನ್ನುವವರು ಬಹಳ. ಕರ್ಪೂರ ಚರ್ಮದಿಂದಲೂ ನೆಕ್ಕಿದಾಗ ಹೊಟ್ಟೆಯಿಂದಲೂ ಒಳಸೇರಿ ಫಿಟ್ಸ್ ಬರಿಸಬಲ್ಲದು. ಊಟಕ್ಕೆ ಬೆಳ್ಳುಳ್ಳಿ ಹಾಕುವ ಸಲಹೆಯೂ ಹೀಗೇ, ಅದು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಗಿಡದಿಂದ ಬಂದದ್ದೆಲ್ಲ ನಾಯಿಗೆ ಸೌಮ್ಯ ಎಂಬ ನಂಬಿಕೆಯಿಂದ ಎಷ್ಟೋ ನಾಯಿಗಳು ನರಳುತ್ತವೆ.

ವಾರ 3 ಮತ್ತು 4: ಗಲ್ಲ ಇಡುವ ಪಾಠ

ನಾಲ್ಕು ಮಡಿಕೆಯ ಟವೆಲನ್ನು ಗಿಡ್ಡ ಮಣೆಯ ಮೇಲೆ ಇಡುವುದು. ಅವಳು ಗಲ್ಲ (ಗದ್ದ) ತಾಗಿಸಿದ ಕ್ಷಣಕ್ಕೆ ‘ಹಾಂ’, ಕೂಡಲೇ ತಿಂಡಿ: ಉಪ್ಪು ಹಾಕದೆ ಬೇಯಿಸಿದ ಕೋಳಿ, ಅರ್ಧ ಕಡಲೆಕಾಳಿನಷ್ಟು. ದಿನಕ್ಕೆ ಎರಡು ಸಲ, ಮೂರೇ ನಿಮಿಷ. ನಾಲ್ಕನೇ ದಿನಕ್ಕೆ ಐದು ಸೆಕೆಂಡ್ ಗಲ್ಲ ಊರಿದಳು.

ಮುಂದಿನದು ಮುಟ್ಟುವುದು. ಹೆಗಲು, ಕತ್ತು, ಕಿವಿಯ ಬುಡ, ಕಿವಿಯ ಒಳಮಡಿಕೆ, ಕೊನೆಗೆ ಪಾದ. ಒಂದು ಜಾಗದಲ್ಲಿ ಐದು ಸಲ ಸಲೀಸಾಗಿ ಆದಮೇಲೆ ಮಾತ್ರ ಇನ್ನೊಂದು. ಗಲ್ಲ ಎತ್ತಿದರೆ ಕೈ ಹಿಂದೆ, ಬೈಗುಳವಿಲ್ಲ, ಮತ್ತೆ ಕರೆಯುವುದೂ ಇಲ್ಲ. ‘ಬೇಡ’ ಎಂದರೆ ಕೈ ನಿಲ್ಲುತ್ತದೆ ಎಂದು ಗೊತ್ತಾದ ನಾಯಿಗೆ ಕಚ್ಚುವ ಅಗತ್ಯ ಬೀಳುವುದಿಲ್ಲ.

ಎಂಟನೇ ದಿನ ಪಾಠ ಕೆಟ್ಟಿತು. ತಿಂಡಿಯ ಡಬ್ಬಿ ಕಂಡರೇ ಹಿಂದೆ ಸರಿಯತೊಡಗಿದಳು. ಕಾರಣ ಕ್ರಮದಲ್ಲಿತ್ತು: ತಿಂಡಿ ಮೊದಲು ತೋರಿಸಿ ಆಮೇಲೆ ಕಿವಿ ಮುಟ್ಟುತ್ತಿದ್ದುದರಿಂದ, ತಿಂಡಿಯೇ ‘ಈಗ ಕಿವಿಗೆ ಕೈ ಬರುತ್ತದೆ’ ಎಂಬ ಎಚ್ಚರಿಕೆಯಾಗಿತ್ತು. ಡಬ್ಬಿಯನ್ನು ಬೆನ್ನ ಹಿಂದೆ ಇಟ್ಟು, ಮೊದಲು ಮುಟ್ಟು, ಆಮೇಲೆ ‘ಹಾಂ’, ಆಮೇಲೆ ತಿಂಡಿ ಎಂದು ಬದಲಿಸಿ ಹೆಗಲಿನಿಂದಲೇ ಮತ್ತೆ ಶುರು ಮಾಡಿದ್ದಕ್ಕೆ ನಾಲ್ಕು ದಿನ ಹಿಡಿಯಿತು.

ಚಿಮಟಕ್ಕೂ ಮೆಟ್ಟಿಲುಗಳಿವೆ. ನೋಡುವುದು, ತಣ್ಣನೆ ಲೋಹ ಕತ್ತಿಗೆ ತಾಗಿಸುವುದು, ಒಂದೇ ಕೂದಲು ಹಿಡಿದು ಬಿಡುವುದು. ನಾಲ್ಕನೇ ವಾರದ ಕೊನೆಗೆ ಅದುಮದೆ ಕಿತ್ತ ಮೊದಲ ಉಣುಗು. ಒಂದೇ ಒಂದು, ಅಂದಿಗೆ ಪಾಠ ಮುಕ್ತಾಯ. ಅದುಮದೆ ಮಾಡಿದ ಆ ಒಂದು, ಹಿಡಿದು ಕಿತ್ತ ಹತ್ತಕ್ಕಿಂತ ಬೆಲೆಯದು.

ವಾರ 5

ಎಣಿಕೆ 9ಕ್ಕೆ ಇಳಿದಿದ್ದದ್ದು ಎರಡೇ ದಿನದಲ್ಲಿ ಏರಿತು. ಈ ಬಾರಿ ಎಳ್ಳಿಗಿಂತ ಸಣ್ಣವು, ಹೊಟ್ಟೆಯ ಮೇಲೆ ಪುಡಿ ಚೆಲ್ಲಿದ ಹಾಗೆ. ಭೂತಗನ್ನಡಿಯಲ್ಲಿ ಕಾಲು ಆರು, ದೊಡ್ಡವಕ್ಕೆ ಎಂಟು. ಅಂದರೆ ಮೊಟ್ಟೆಯೊಡೆದ ಮರಿಗಳು.

ಲೆಕ್ಕ ಹೀಗೆ. ‘ಕಂದು ನಾಯಿ ಉಣುಗು’ ಎಂಬ ಈ ಜಾತಿಯ ಹುಳ ಮರಿಯಿಂದ ದೊಡ್ಡದಾಗುವವರೆಗೆ ಮೂರು ಸಲ ನಾಯಿಯ ಮೈ ಹತ್ತುತ್ತದೆ, ಪ್ರತಿ ಸಲವೂ ಕೆಲ ದಿನ ರಕ್ತ ಕುಡಿದು ಉದುರುತ್ತದೆ. ಉಳಿದ ಆಯಸ್ಸೆಲ್ಲ ಗೋಡೆಯ ಬಿರುಕಲ್ಲಿ. ಊದಿದ ಒಂದು ಹೆಣ್ಣು ಸಾವಿರಾರು ಮೊಟ್ಟೆ ಇಡುತ್ತದೆ, ಕೆಲ ವಾರಗಳಲ್ಲಿ ಅವು ಒಡೆಯುತ್ತವೆ. ಬೇವಿನ ನೀರು ಬಿದ್ದದ್ದು ಚಂದ್ರಿಯ ಮೈಮೇಲೆ, ಹುಳದ ಮನೆ ಇದ್ದದ್ದು ಪಡಸಾಲೆಯಲ್ಲಿ. ಗೋಡೆಯ ಕೆಲಸ ಮೊದಲ ವಾರವೇ ಶುರುವಾಗಬೇಕಿತ್ತು.

ಈ ಹುಳ ಮೇಲಕ್ಕೆ ಹತ್ತುತ್ತದೆ, ಆದ್ದರಿಂದ ನೆಲ ಮಾತ್ರ ಗುಡಿಸಿ ಫಲವಿಲ್ಲ. ಕ್ಯಾಲೆಂಡರಿನ ಹಿಂದೆ, ಬಾಗಿಲ ಚೌಕಟ್ಟಿನ ಸಂದಿನಲ್ಲಿ, ಸ್ವಿಚ್ ಬೋರ್ಡಿನ ಅಂಚಿನಲ್ಲಿ, ತೊಲೆ ಗೋಡೆ ಸೇರುವಲ್ಲಿ ಸಿಕ್ಕವು. ಮಾಡಿದ್ದು: ವ್ಯಾಕ್ಯೂಮ್‌ನ ಚಪ್ಪಟೆ ಮೂತಿಯಿಂದ ಬಿರುಕು ಎಳೆಯುವುದು, ಚೀಲವನ್ನು ಬಿಗಿದು ಹೊರಗೆ ಹಾಕುವುದು; ಕಲ್ಲಿನ ಸಂದುಗಳಿಗೆ ಕುದಿಯುವ ನೀರು (ಸ್ವಿಚ್ ಬೋರ್ಡಿನಿಂದ ದೂರ); ಒಣಗಿದ ಮೇಲೆ ಸಿಮೆಂಟ್ ತುಂಬಿ ಸುಣ್ಣ. ಹಸಿ ಸುಣ್ಣ ಪಾದ ಸುಡುತ್ತದೆ, ಪೂರ್ತಿ ಒಣಗುವವರೆಗೆ ನಾಯಿ ಬೇರೆ ಕೋಣೆಯಲ್ಲಿ. ಹಾಸಿಗೆ ಬಟ್ಟೆಯನ್ನು ಮೂರು ದಿನಕ್ಕೊಮ್ಮೆ 60 ಡಿಗ್ರಿ ನೀರಲ್ಲಿ ಒಗೆಯುವುದು.

ಇದೇ ವಾರ ಪಶುವೈದ್ಯರ ಸಲಹೆಯಂತೆ ಉಣುಗು ಕೊಲ್ಲುವ ಫ್ಲುರಾಲನರ್ ಮಾತ್ರೆ, ತೂಕಕ್ಕೆ ತಕ್ಕ ಅಳತೆ, ಊಟದ ಜೊತೆ. ಒಂದು ಮಾತ್ರೆಯ ಪರಿಣಾಮ 12 ವಾರ. ಹುಳ ಕಚ್ಚಿದ ಮೇಲೆಯೇ ಸಾಯುವುದರಿಂದ ಮೈಮೇಲೆ ಇನ್ನೂ ಕಾಣುತ್ತವೆ, ಔಷಧ ಸೋತಿತು ಎಂದುಕೊಳ್ಳಬಾರದು. ಫಿಟ್ಸ್ ಬರುವ ನಾಯಿಯಾದರೆ ವೈದ್ಯರಿಗೆ ಮೊದಲೇ ಹೇಳಬೇಕು. ಕಾಟ ಗೋಡೆ ಸೇರಿದ ಮೇಲೆ ಬೇವೊಂದೇ ಸಾಲದು ಎಂಬುದು ಈ ದಾಖಲೆಯ ಸ್ಪಷ್ಟ ಅಭಿಪ್ರಾಯ.

ವಾರ 6 ರಿಂದ 8

ಎಣಿಕೆ 6, 3, 3. ಸಿಕ್ಕವೆಲ್ಲ ಸತ್ತು ಒಣಗಿದ್ದವು.

ಏಳನೇ ವಾರ ಒಂದು ದಿನ ಊಟ ಬಿಟ್ಟಳು, ಮೈ ಬಿಸಿ 39.7. ಅಂದೇ ರಕ್ತ ಪರೀಕ್ಷೆ: ಉಣುಗು ಹರಡುವ ರೋಗಾಣುಗಳಾದ ಎರ್ಲಿಕಿಯಾ ಇಲ್ಲ, ಬಬೇಸಿಯಾ ಇಲ್ಲ, ಪ್ಲೇಟ್‌ಲೆಟ್ ಸರಿ. ಮರುದಿನ ಜ್ವರ ಇಳಿಯಿತು. ಉಣುಗು ಜ್ವರ, ಹುಳ ಕಚ್ಚಿ ಒಂದರಿಂದ ಮೂರು ವಾರದಲ್ಲಿ ಕಾಣಿಸಿಕೊಳ್ಳಬಹುದು. ಬಿಳಿಚಿದ ವಸಡು, ಮೂಗಿನಲ್ಲಿ ರಕ್ತ, ಕಾಫಿ ಬಣ್ಣದ ಮೂತ್ರ, ಯಾವುದು ಕಂಡರೂ ಕಾಯಬಾರದು. ಪರಂಗಿ ಎಲೆಯ ರಸ ಕುಡಿಸುತ್ತ ನಾಲ್ಕು ದಿನ ಕಳೆಯುವುದು ಅಪಾಯ, ಅದು ರಕ್ತದೊಳಗಿನ ರೋಗಾಣುವನ್ನು ಕೊಲ್ಲುವುದಿಲ್ಲ. ಎರ್ಲಿಕಿಯಾಗೆ ಡಾಕ್ಸಿಸೈಕ್ಲಿನ್, ಸಾಮಾನ್ಯವಾಗಿ 28 ದಿನ, ವೈದ್ಯರು ಬರೆದಂತೆ.

ವಾರ 10, ಆಗಸ್ಟ್

ಮೈಮೇಲೆ 0, ಗೋಡೆಯಲ್ಲಿ 2. ಸಂಜೆ ಮಣೆ ಹಾಕಿದರೆ ಚಂದ್ರಿ ತಾನೇ ಬಂದು ಗಲ್ಲ ಇಡುತ್ತಾಳೆ. ಎರಡು ಕಿವಿ, ಮುಂಗಾಲ ಸಂದುಗಳು, ಬಾಲದ ಬುಡ, ಒಟ್ಟು ನಾಲ್ಕು ನಿಮಿಷ. ಹಿಂಗಾಲಿಗೆ ಇನ್ನೂ ಒಪ್ಪಿಲ್ಲ, ಬೆರಳು ಬಿಡಿಸಿದರೆ ಗಲ್ಲ ಎತ್ತುತ್ತಾಳೆ. ಮೊಣಕಾಲಿನಿಂದ ಪಾಠ ನಡೆದಿದೆ. ಬೇವಿನ ಸ್ನಾನ 15 ದಿನಕ್ಕೊಮ್ಮೆ, ಪಡಸಾಲೆಯ ಬಿರುಕು ವಾರಕ್ಕೊಮ್ಮೆ. ತೊಲೆಯ ಪೂರ್ವ ತುದಿಗೆ ಸಿಮೆಂಟ್ ಹಾಕುವುದು ಬಾಕಿ, ಮಳೆ ಬಿಡುವು ಕೊಟ್ಟ ದಿನ. ಮಾತ್ರೆಯ 12 ವಾರ ಮುಗಿಯುವುದು ಅಕ್ಟೋಬರ್‌ನಲ್ಲಿ, ಅದಕ್ಕೆ ಮುಂಚೆ ಮತ್ತೊಮ್ಮೆ ತೂಕ ನೋಡಬೇಕು.