ಸ್ಕೇಲರ್ ಹಿಡಿಯೋ ಮೊದಲು ಕನ್ನಡಿ ಕೊಡಬೇಕಿತ್ತು

ಸಿಂಧನೂರಿನಲ್ಲಿ ಹಲ್ಲಿನ ಡಾಕ್ಟರ್ ಆಗಿ ಕೆಲಸ ಶುರು ಮಾಡಿದ ಮೊದಲ ವರ್ಷದ ಮಾತು. ಅಕ್ಕಿ ಮಿಲ್ಲಿನಲ್ಲಿ ಹಮಾಲಿ ಮಾಡುವವರೊಬ್ಬರು ಬಂದಿದ್ದರು. ಕೆಳಗಿನ ಮುಂದಿನ ಹಲ್ಲುಗಳ ಹಿಂದೆ ಕಿಟ್ಟ ಗೋಡೆ ಕಟ್ಟಿದ ಹಾಗೆ ಕೂತಿತ್ತು. ನಾನು ಜಾಸ್ತಿ ಮಾತಾಡಲಿಲ್ಲ. ಕಿಟ್ಟ ಕೆರೆದು ತೆಗೆಯೋ ಸ್ಕೇಲರ್ ಹಿಡಿದು ಮುಕ್ಕಾಲು ಗಂಟೆ ಕೂತು ಎಲ್ಲಾ ತೆಗೆದೆ. ಕೆಲಸ ಚೆನ್ನಾಗಿ ಆಯ್ತು ಅಂತ ಖುಷಿಪಟ್ಟೆ. ನಾಲ್ಕನೇ ದಿನ ವಾಪಸ್ ಬಂದರು, ಜೊತೆಗೆ ಅವರ ಅಣ್ಣ.

“ಮೇಡಂ, ನಿಮ್ಮತ್ರ ಬರೂಕಿಂತ ಮೊದ್ಲು ನನ್ನ ಹಲ್ಲು ಗಟ್ಟಿ ಇದ್ದವ್ರಿ. ನೀವು ಕ್ಲೀನ್ ಮಾಡಿದ ಮ್ಯಾಲ ಸಂದಿ ಬಿದ್ದಾವ, ಅಳ್ಳಾಡಕತ್ತಾವ. ನೀರು ಕುಡದ್ರ ಜುಮ್ ಅಂತೈತಿ.”

ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಆದರೆ ಹಲ್ಲು ಹಿಡಿದಿದ್ದ ಮೂಳೆ ಯಾವಾಗಲೋ ಕರಗಿತ್ತು. ಆ ಹಲ್ಲುಗಳನ್ನು ಒಂದಕ್ಕೊಂದು ಅಂಟಿಸಿ ನಿಲ್ಲಿಸಿದ್ದೇ ಕಿಟ್ಟ. ಅದು ಹೋಯ್ತು, ಊದಿದ್ದ ವಸಡು ಇಳಿಯಿತು, ಮೊದಲೇ ಇದ್ದ ಸಂದಿ ಈಗ ಕಣ್ಣಿಗೆ ಬಿತ್ತು. ಬೇರು ಬಯಲಾಗಿದ್ದರಿಂದ ತಣ್ಣೀರು ತಾಗುತ್ತಿತ್ತು. ಇದೆಲ್ಲ ಅವತ್ತು ಬಿಡಿಸಿ ಹೇಳಿದೆ. ಮೊದಲೇ ಹೇಳಿದ್ದರೆ ನಂಬುತ್ತಿದ್ದರು, ಆಮೇಲೆ ಹೇಳಿದ್ದು ನೆಪದ ಹಾಗೆ ಕೇಳಿಸಿತು. ತಲೆ ಆಡಿಸಿ ಹೋದವರು ಮತ್ತೆ ಬರಲಿಲ್ಲ. ಅವರ ಓಣಿಯಿಂದಲೂ ತುಂಬಾ ದಿನ ಯಾರೂ ಕ್ಲೀನಿಂಗ್‌ಗೆ ಬರಲಿಲ್ಲ. ಅದು ನನ್ನದೇ ತಪ್ಪು.

ಇನ್ನೊಂದು ತಪ್ಪೂ ಇತ್ತು. ವಸಡಿನಲ್ಲಿ ರಕ್ತ ಬರುತ್ತಾ ಅಂತ ಕೇಳಿದ್ದೆ, ಇಲ್ಲ ಅಂದಿದ್ದರು. ಹಾಗಾದ್ರೆ ರೋಗ ಅಷ್ಟೇನೂ ಮುಂದುವರಿದಿಲ್ಲ ಅಂದುಕೊಂಡೆ. ಅವರು ದಿನಕ್ಕೆ ಒಂದು ಕಟ್ಟು ಬೀಡಿ ಸೇದುವವರು. ತಂಬಾಕಿನ ಹೊಗೆಯಿಂದ ವಸಡಿನ ರಕ್ತನಾಳಗಳು ಬಿಗಿಯಾಗುತ್ತವೆ, ರಕ್ತ ಅಷ್ಟಾಗಿ ಬರುವುದಿಲ್ಲ. ರೋಗ ಮಾತ್ರ ಒಳಗೊಳಗೇ ಬೆಳೆಯುತ್ತದೆ. ಓದಿ ಪರೀಕ್ಷೆ ಬರೆದ ವಿಷಯ ಇದು, ರೋಗಿ ಮುಂದೆ ಕೂತಾಗ ನೆನಪಾಗಲಿಲ್ಲ.

ಅವತ್ತಿನಿಂದ ಅಳತೆ ಮೊದಲು, ಕ್ಲೀನಿಂಗ್ ಆಮೇಲೆ.

ಅಳೆಯೋಕೆ ಪ್ರೋಬ್ ಅಂತ ತೆಳ್ಳನೆ ಕಡ್ಡಿ ಇದೆ, ಅದರ ಮೇಲೆ ಮಿಲಿಮೀಟರ್ ಗೆರೆಗಳು. ಹಲ್ಲು ಮತ್ತು ವಸಡಿನ ನಡುವೆ ನಿಧಾನಕ್ಕೆ ಇಳಿಸಬೇಕು. ಆರೋಗ್ಯವಾಗಿರೋ ವಸಡಿನಲ್ಲಿ 1ರಿಂದ 3 ಮಿಲಿಮೀಟರ್‌ಗೆ ನಿಲ್ಲುತ್ತದೆ. 4 ದಾಟಿದರೆ ನಾನು ಹುಷಾರಾಗುತ್ತೇನೆ.

ಒಂದು ಕ್ಯಾಂಪಿನಿಂದ (ವಲಸೆ ಬಂದ ರೈತರು ನೆಲೆಸಿದ ಹಳ್ಳಿಗೆ ನಮ್ಮ ಕಡೆ ಹಾಗನ್ನುತ್ತಾರೆ) ಬಂದಿದ್ದ ಐವತ್ತರ ಆಸುಪಾಸಿನ ಅಮ್ಮ ಒಬ್ಬರು ನೆನಪಾಗುತ್ತಾರೆ. ಬ್ರಷ್ ಮಾಡಿದರೆ ರಕ್ತ ಬರುತ್ತೆ ಅಂತ ಹೆದರಿ ಬ್ರಷ್ಷೇ ಬಿಟ್ಟಿದ್ದರು, ಬೆರಳಲ್ಲಿ ಉಪ್ಪು ತಿಕ್ಕುತ್ತಿದ್ದರು. ವಸಡು ಊದಿದಾಗಲೆಲ್ಲ ಮೆಡಿಕಲ್ ಶಾಪಿನ ಮಾತ್ರೆ. ಮಾತ್ರೆಗೆ ಕೀವು ಇಳಿಯುತ್ತಿತ್ತು, ಬೇರಿಗೆ ಅಂಟಿದ ಕಿಟ್ಟ ಅಲ್ಲೇ ಇರುತ್ತಿತ್ತು, ತಿಂಗಳೊಪ್ಪತ್ತಿಗೆ ಮತ್ತೆ ಊತ. ಅವರ ಕೈಗೆ ಕನ್ನಡಿ ಕೊಟ್ಟೆ. ಪ್ರೋಬ್ ಇಳಿಸುತ್ತಾ ಜೋರಾಗಿ ಎಣಿಸಿದೆ: ಎರಡು, ಮೂರು, ಎರಡು. ದವಡೆ ಹಲ್ಲಿಗೆ ಬಂದಾಗ ಕಡ್ಡಿ ತಡೆಯಿಲ್ಲದೆ ಒಳಗೆ ಜಾರಿತು. ಅವರೇ ಕನ್ನಡಿಯಲ್ಲಿ ನೋಡಿ “ಆರಾ?” ಅಂದರು. ಕಡ್ಡಿಯ ಸುತ್ತ ರಕ್ತ ನಿಧಾನಕ್ಕೆ ತುಂಬಿ ಬಂತು. “ನೋವಾಗ್ಲಿಲ್ಲ ಅಲ್ಲರೀ ಮೇಡಂ, ಇಷ್ಟು ಆಳ ಹೋದ್ರೂ.” ಹೌದಮ್ಮಾ, ಈ ರೋಗದಲ್ಲಿ ಕಷ್ಟ ಅದೇ, ನೋವಿಲ್ಲ ಅಂತಲೇ ಜನ ಬರೋದು ತಡ ಆಗುತ್ತೆ ಅಂದೆ.

ಹಲ್ಲಿನ ಮೇಲೆ ಕೂರೋ ಮೆತ್ತನೆ ಪಾಚಿಯನ್ನು ತೆಗೆಯದೆ ಬಿಟ್ಟರೆ ಕೆಲವೇ ದಿನಗಳಲ್ಲಿ ಗಟ್ಟಿ ಕಿಟ್ಟ ಆಗುತ್ತದೆ. ವಸಡು ಊದಿ ರಕ್ತ ಬರೋ ಹಂತ ಜಿಂಜಿವೈಟಿಸ್. ಅಲ್ಲಿಗೇ ಹಿಡಿದರೆ ಪೂರ್ತಿ ವಾಸಿ. ಮೂಳೆ ಕರಗೋಕೆ ಶುರುವಾದರೆ ಪೆರಿಯೊಡಾಂಟೈಟಿಸ್. ಆಗ ರೋಗವನ್ನು ತಡೆದು ನಿಲ್ಲಿಸಬಹುದು, ಕರಗಿದ ಮೂಳೆ ಸಾಮಾನ್ಯವಾಗಿ ತಾನಾಗಿ ಮೊದಲಿನಂತೆ ಬೆಳೆಯುವುದಿಲ್ಲ. ರಕ್ತ ಬಂತು ಅಂತ ಬ್ರಷ್ ಬಿಡೋದು ಇದನ್ನೇ ಬೇಗ ಕರೆಯುತ್ತದೆ.

ಆ ಅಮ್ಮನ ವಸಡು ಇಷ್ಟು ಕೆಟ್ಟಿದ್ದರಿಂದ ಶುಗರ್ ಪರೀಕ್ಷೆ ಮಾಡಿಸಿದೆ. ಮೂರು ತಿಂಗಳ ಸರಾಸರಿ ತೋರಿಸೋ ಎಚ್‌ಬಿಎ1ಸಿ 9 ದಾಟಿತ್ತು. ಅವರಿಗೆ ಶುಗರ್ ಇದೆ ಅಂತಲೇ ಗೊತ್ತಿರಲಿಲ್ಲ! ಶುಗರ್ ಜಾಸ್ತಿ ಇದ್ದರೆ ವಸಡಿನ ರೋಗ ಬೇಗ ಹಬ್ಬುತ್ತದೆ, ವಸಡಿನ ಸೋಂಕಿದ್ದರೆ ಶುಗರ್ ಹತೋಟಿಗೆ ಬರುವುದು ಕಷ್ಟ. ಫಿಸಿಷಿಯನ್ ಹತ್ತಿರ ಕಳಿಸಿ, ಎರಡೂ ಚಿಕಿತ್ಸೆ ಒಟ್ಟಿಗೆ ನಡೆಸಿದೆವು.

ಕ್ಲೀನಿಂಗ್‌ಗೆ ಮೊದಲು ಮೂರು ಮಾತು ಹೇಳಿದೆ. ಸಂದಿ ಕಾಣುತ್ತೆ. ತಣ್ಣೀರು ಕೆಲವು ದಿನ ಜುಮ್ಮೆನ್ನುತ್ತೆ. ಅಳ್ಳಾಡೋದು ಮೊದಲೆರಡು ದಿನ ಜಾಸ್ತಿ ಅನಿಸಬಹುದು. ಮರಗಟ್ಟಿಸೋ ಇಂಜೆಕ್ಷನ್ ಕೊಟ್ಟು, ಎರಡು ಸಲ ಕರೆಸಿ ವಸಡಿನ ಒಳಗೆ ಬೇರಿನವರೆಗೂ ಕ್ಲೀನ್ ಮಾಡಿದೆ. ಎರಡು ವಾರಕ್ಕೆ ಕ್ಲೋರ್‌ಹೆಕ್ಸಿಡಿನ್ ಬಾಯಿ ಮುಕ್ಕಳಿಸೋ ಔಷಧಿ ಕೊಟ್ಟೆ, ಅದಕ್ಕಿಂತ ಹೆಚ್ಚು ದಿನ ಬೇಡ ಅಂದೆ, ಹಲ್ಲಿಗೆ ಕಂದು ಕಲೆ ಹಿಡಿಯುತ್ತದೆ. ಮೆತ್ತನೆ ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿ ಇಡೋದನ್ನ ಅವರ ಕೈಯಿಂದಲೇ ಮಾಡಿಸಿದೆ. ಸಂದಿಗಳಿಗೆ ಅಂತ ಸಿಗೋ ಪುಟ್ಟ ಬ್ರಷ್ ನೋಡಿ “ಇದು ಬಾಟ್ಲಿ ತೊಳಿಯೋ ಬ್ರಷ್ಷಿನ ಮರಿ” ಅಂದರು. ಈಗ ಎಲ್ಲರಿಗೂ ನಾನು ಹಾಗೇ ಹೇಳೋದು.

ಎಂಟು ವಾರಕ್ಕೆ ಮತ್ತೆ ಅಳೆದೆವು. ಆರು ಇದ್ದದ್ದು ನಾಲ್ಕಕ್ಕೆ ಬಂದಿತ್ತು, ರಕ್ತ ನಿಂತಿತ್ತು. ಇನ್ನೊಂದು ದವಡೆ ಹಲ್ಲು ಉಳಿಯಲಿಲ್ಲ, ತೆಗೆಯಬೇಕಾಯಿತು. ಆಳ ಕಡಿಮೆಯಾಗದೆ ಉಳಿದವರಿಗೆ ವಸಡು ಬಿಡಿಸಿ ಮಾಡೋ ಸರ್ಜರಿ ಬೇಕಾಗುತ್ತದೆ, ಅಂಥವರನ್ನು ರಾಯಚೂರಿನ ಡೆಂಟಲ್ ಕಾಲೇಜಿಗೆ ಕಳಿಸುತ್ತೇನೆ.

ಆಮೇಲೆ ಮೂರು ತಿಂಗಳಿಗೊಮ್ಮೆ ತೋರಿಸಬೇಕು. ಮೊದಮೊದಲು ಸುಮ್ನೆ ಕ್ಯಾಲೆಂಡರ್ ನೋಡಿ ತಾರೀಖು ಬರೆದು ಕೊಡುತ್ತಿದ್ದೆ, ಅರ್ಧ ಜನ ಬರುತ್ತಿರಲಿಲ್ಲ. ಕಾಲುವೆಗೆ ನೀರು ಬಿಟ್ಟ ವಾರ ನಾಟಿ ಬಿಟ್ಟು ಹಲ್ಲು ತೋರಿಸೋಕೆ ಯಾರು ಬರ್ತಾರೆ? ಈಗ ಮೊದಲು ಹೊಲದ ಕೆಲಸ ಕೇಳುತ್ತೇನೆ. ಆ ಅಮ್ಮನ ಕಾರ್ಡಿನಲ್ಲಿ ತಾರೀಖಿನ ಪಕ್ಕ “ಭತ್ತ ಕೊಯ್ದ ಮೇಲೆ” ಅಂತ ಬರೆದಿದ್ದೇನೆ.